ಭೋಪಾಳದಲ್ಲಿರುವ ಜೋಡು

ಸದರ್, ನಾಗಪುರ
೨೭ ಜನವರಿ ೧೯೫೭

ನಮ್ಮ ಮನೆಯವರಿಗೆ ನಮಸ್ಕಾರ.

ಹೆಸರು ಬರೆಯಲು ಇಷ್ಟು ವರ್ಷವಾದರೂ ಕೈ ಏಳುವುದಿಲ್ಲ, ಇಷ್ಟರಲ್ಲೇ ತಿಳಿದುಕೊಳ್ಳಿ. ಆರೋಗ್ಯ ಹೇಗಿದೆ? ಕೆಮ್ಮು ನಿಂತಿತೇ? ಭೋಪಾಳದಲ್ಲಿ ಇಲ್ಲಿಗಿಂತ ಚಳಿಯಂತೆ. ನಾನು ಹೆಣೆದ ಮಫ್ಲರು ಪೆಟ್ಟಿಗೆಯಲ್ಲಿ ಮಡಿಚಿಡುವುದಕ್ಕಲ್ಲ, ಕೊರಳಿಗೆ ಸುತ್ತಿಕೊಳ್ಳುವುದಕ್ಕೆ. ಖಾನಾವಳಿಯ ಊಟ ಸೇರುತ್ತಿದೆಯೇ? ಸೇರುತ್ತಿದೆ ಎಂದು ಬರೆದರೆ ನನಗೆ ಸಿಟ್ಟು ಬರುತ್ತದೆ, ಇಲ್ಲವೆಂದರೆ ಅಳು ಬರುತ್ತದೆ. ಏನಾದರೂ ಬರೆಯಿರಿ.

ರಾಜಧಾನಿ ನಾಗಪುರದಿಂದ ಭೋಪಾಳಕ್ಕೆ ಹೋಗಿ, ಅದರ ಹಿಂದೆ ನಿಮ್ಮ ಕಚೇರಿಯೂ ಹೋದ ಮೇಲೆ ಈ ಓಣಿಯಲ್ಲಿ ನಮ್ಮವರೆನ್ನುವವರು ಯಾರೂ ಇಲ್ಲ. ಎದುರು ಮನೆಯ ನರಹರಿರಾಯರೂ ಸಂಸಾರ ಕಟ್ಟಿಕೊಂಡು ಹೋದರು. ಕನ್ನಡದಲ್ಲಿ ಮಾತಾಡಲು ಉಳಿದದ್ದು ತುಳಸಿ ಗಿಡವೊಂದೇ. ಅದಕ್ಕೂ ನನ್ನ ಗೋಳು ಕೇಳಿ ಸಾಕಾಗಿರಬೇಕು. ಕಳೆದ ಪತ್ರದಲ್ಲಿ ನೀವು ಕ್ವಾರ್ಟರ್ಸ್ ಸಿಕ್ಕಿದೆ, ಆದರೆ ಗುಡ್ಡದ ಮೇಲಿದೆ, ಕಾಯಿಪಲ್ಲೆಗೂ ಇಳಿದು ಹತ್ತಬೇಕು, ನಿನ್ನ ಹಿಮ್ಮಡಿ ನೆಟ್ಟಗಾದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಬರೆದಿದ್ದಿರಿ. ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಒಂದು ಹಿಮ್ಮಡಿಯ ಸಲುವಾಗಿ ಗಂಡನನ್ನು ಬಿಟ್ಟಿರಬೇಕೇನು?

ಮರುದಿನವೇ ಕೆಳಮನೆಯ ಗಂಗೂಬಾಯಿಯ ಜೊತೆ ಆಸ್ಪತ್ರೆಗೆ ಹೋದೆ. ಗಟ್ಟಿ ಚಪ್ಪಲಿ ಬಿಡು, ಕ್ಯಾನ್ವಾಸ್ ಬೂಟು ಹಾಕಿಕೋ, ಒಳಗೆ ಮೆತ್ತೆ ಕೊಡಿಸು, ದಿನಾ ಬೆಳಿಗ್ಗೆ ನಡೆ ಎಂದರು ಡಾಕ್ಟರಮ್ಮ. ಅಯ್ಯೋ ದೇವರೇ, ಸೀರೆಯ ಕೆಳಗೆ ಬೂಟು! ನಿಮ್ಮ ತಾಯಿ ನೋಡಿದರೆ ‘ಏನವಾ, ಪೋಲೀಸ್ ಖಾತ್ಯಾಗ ನೌಕರಿ ಹಿಡದೀ ಏನ?’ ಅನ್ನುತ್ತಿದ್ದರು. ಅಂಗಡಿಯಲ್ಲಿ ಹೆಂಗಸರ ಅಳತೆಯ ಬೂಟೇ ಇರಲಿಲ್ಲ. ಒಂದು ಜೊತೆ ಕಿರುಬೆರಳನ್ನು ಹಿಂಡಿತು, ಇನ್ನೊಂದು ಕಾಲಿನಿಂದ ಜಾರಿತು. ಕಡೆಗೆ ಶಾಲೆಯ ಹುಡುಗರ ಕವಾಯತಿನ ಬೂಟು ಸರಿಹೊಂದಿತು. ಗಂಗೂಬಾಯಿ ‘ಬರೋಬರ್, ಆತಾ ಚಲಾ’, ಸರಿಯಾಯಿತು, ಇನ್ನು ನಡೆಯಿರಿ ಎಂದು ಬೆನ್ನು ತಟ್ಟಿದರು.

ಮುಂದಿನದು ಕೇಳಿ, ನಗಬೇಡಿ. ನೋವು ಬಲಗಾಲಿಗೆ ತಾನೇ ಎಂದು ಬಲಗಾಲಿನ ಬೂಟೊಂದನ್ನೇ ಚೀಲದಲ್ಲಿಟ್ಟುಕೊಂಡು, ಮೆತ್ತೆ ಹೊಲಿಸಲು ಚರ್ಚಿನ ಗೋಡೆಯ ಪಕ್ಕ ಕೂರುವ ಚಮ್ಮಾರನ ಹತ್ತಿರ ಹೋದೆ. ಅವನು ಅದನ್ನು ತಿರುಗಿಸಿ ನೋಡಿ ‘ಬಾಯಿ, ಜೋಡಾ ಕುಠೇ ಆಹೇ?’ ಎಂದ. ನನ್ನ ತಲೆಯಲ್ಲಿ ಬೇರೆ ಏನಿದೆ ಹೇಳಿ! ಜೋಡು ಎಲ್ಲಿ ಎಂದೊಡನೆ ‘ಭೋಪಾಳದಾಗ ಅದಾರ’ ಅಂದುಬಿಟ್ಟೆ. ಕನ್ನಡ ಬಾರದ ಗಂಗೂಬಾಯಿಗೂ ಭೋಪಾಳ ಎಂಬ ಹೆಸರೊಂದೇ ಸಾಕಾಯಿತು, ಸೆರಗು ಬಾಯಿಗಿಟ್ಟು ಅಲ್ಲೇ ಕುಸಿದು ಕೂತು ನಕ್ಕರು. ಪಾಪ, ಅವನು ಕೇಳಿದ್ದು ಎಡಗಾಲಿನ ಬೂಟನ್ನು. ಒಂದಕ್ಕೇ ಮೆತ್ತೆ ಕೊಟ್ಟರೆ ನಡಿಗೆ ಏರುಪೇರಾಗುತ್ತದೆ, ಎರಡನ್ನೂ ತನ್ನಿ ಎಂದ. ನಾನೂ ನಕ್ಕೆ. ಮನೆಗೆ ಬಂದು ಬೀಗ ತೆಗೆಯುವಾಗ ಮಾತ್ರ ನಗು ಉಳಿದಿರಲಿಲ್ಲ. ನೀವು ಬಿಟ್ಟುಹೋದ ಹಳೆಯ ಕಂಬಳಿಯ ಅಂಚು ಕತ್ತರಿಸಿ, ಎರಡೂ ಬೂಟಿನ ಜೊತೆ ಅವನಿಗೆ ಕೊಟ್ಟುಬಂದೆ. ಬೈಯಬೇಡಿ.

ಈಗ ಬೆಳಿಗ್ಗೆ ಎದ್ದು ನಡೆಯುತ್ತೇನೆ. ಮೊದಮೊದಲು ಓಣಿಯ ಮೂಲೆಯವರೆಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ನೀವು ಯಾವಾಗಲೂ ನನ್ನ ಎಡಕ್ಕೆ ನಡೆಯುತ್ತಿದ್ದಿರಲ್ಲ, ಈಗಲೂ ಎಡಗಡೆ ಜಾಗ ಬಿಟ್ಟೇ ನಡೆಯುತ್ತೇನೆ. ಸೈಕಲ್ಲಿನವರು ಆ ಜಾಗದಲ್ಲಿ ನುಗ್ಗಿ ನನ್ನನ್ನೇ ಬೈಯುತ್ತಾರೆ. ಬೈದರೆ ಬೈಯಲಿ, ಯಾರಾದರೂ ಮಾತಾಡಿಸಿದ ಹಾಗಾಯಿತು. ನನಗೆ ತುಂಬ ಬೇಸರವಾಗಿದೆ ನೋಡಿ, ಸುಮ್ಮನೆ ಚೆನ್ನಾಗಿದ್ದೇನೆ ಎಂದು ಬರೆಯಲಾರೆ.

ಗಂಗೂಬಾಯಿ ನಮಸ್ಕಾರ ತಿಳಿಸಿದ್ದಾರೆ. ನರಹರಿರಾಯರ ಮನೆಯವರಿಗೆ ನನ್ನ ನೆನಪು ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳು,
ಭಾನುಮತಿ

ತಾ.ಕ.: ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಇಲ್ಲಿಯ ಸೆಮಿನರಿ ಗುಡ್ಡವನ್ನು ಪೂರ್ತಿ ಹತ್ತಿ ಇಳಿದೆ, ಹಿಮ್ಮಡಿ ನೋಯಲಿಲ್ಲ. ಮುಂದಿನ ಭಾನುವಾರ ಗಂಗೂಬಾಯಿಯ ಅಣ್ಣ ಭೋಪಾಳಕ್ಕೆ ಹೊರಟಿದ್ದಾರೆ. ಅವರ ಜೊತೆ ಬರುತ್ತೇನೆ, ಸ್ಟೇಷನ್ನಿಗೆ ಬನ್ನಿ, ಬೂಟು ನೋಡಿ ನಾಚಬೇಡಿ. ನಿಮ್ಮ ಗುಡ್ಡವಲ್ಲದೆ ಬೇರೆ ಏನಾದರೂ ಅಡ್ಡಿಯಿದ್ದರೆ ಮಾತ್ರ ತಂತಿ ಕಳಿಸಿ, ಬೂಟು ಬಿಚ್ಚಿಡುತ್ತೇನೆ.