ಐದು ಗಂಟೆಯ ಫೋನು

ಅರಕಲಗೂಡು
2 ಮಾರ್ಚ್ 2025, ಭಾನುವಾರ

ನನ್ನ ಪುಟ್ಟ ನಿಧಿಗೆ ಅಮ್ಮನ ಆಶೀರ್ವಾದ.

ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡ. ನೀನು ನನ್ನ ಫೋನ್ ಎತ್ತಿ ಹತ್ತು ದಿನವಾಯಿತು. ಹೋದ ವಾರವೇ ಬರೆಯಲು ಕೂತವಳು ಎರಡು ಸಲ ಹರಿದು ಹಾಕಿದೆ. ತಡವಾದದ್ದಕ್ಕೆ ಬೈದುಕೋ, ಪರವಾಗಿಲ್ಲ.

ಹಾಸನದಲ್ಲಿ ಆಗಲೇ ಸೆಕೆಯಂತೆ, ದೊಡ್ಡಮ್ಮ ಹೇಳಿದಳು. ಒಳ್ಳೆಯ ಶಾಲೆಯೆಂದು ನಿನ್ನನ್ನು ಅವಳ ಮನೆಯಲ್ಲಿ ಬಿಟ್ಟು ಜೂನ್ ಬಂದರೆ ಎರಡು ವರ್ಷ. ಪ್ರಿಪರೇಟರಿಯಲ್ಲಿ ನಿನಗೆ ಇಂಗ್ಲಿಷಿಗೆ ಎಂಬತ್ತಕ್ಕೆ ಇಪ್ಪತ್ತೆರಡು ಬಂದದ್ದನ್ನೂ ಅವಳೇ ಹೇಳಿದ್ದು, ಅದೂ ತಾನೇ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿ. ಹದಿನಾರು ವರ್ಷದಿಂದ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ, ನನ್ನ ಮಗಳೇ ಇಂಗ್ಲಿಷಿನಲ್ಲಿ ಫೇಲು. ಸಿಟ್ಟು ನೆತ್ತಿಗೇರಿತು, ಸುಳ್ಳು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಮೂರು ವಾರವೂ ಇಲ್ಲ.

ಇಲ್ಲಿ ನನ್ನ ಪಾಡು ಕೇಳು. ಫೇಲಾಗುವ ಭಯವಿರುವ ಮಕ್ಕಳನ್ನು ನಾವು ಮೇಷ್ಟ್ರುಗಳು ಹಂಚಿಕೊಂಡು ದತ್ತು ತೆಗೆದುಕೊಂಡಿದ್ದೇವೆ. ನನ್ನ ಪಾಲಿಗೆ ಆರು ಜನ. ಬೆಳಿಗ್ಗೆ ಐದಕ್ಕೆ ಆರು ಮನೆಗೂ ಫೋನ್ ಮಾಡಿ ಎಬ್ಬಿಸಬೇಕು. ಮಲ್ಲಿಪಟ್ಟಣದ ಕಡೆಯ ದಿವ್ಯಾ ಎಂಬ ಹುಡುಗಿಯ ಮನೆಯಲ್ಲಿ ಅಜ್ಜಿ ಕಾಮಾಕ್ಷಮ್ಮನೇ ಫೋನ್ ಎತ್ತುವುದು. "ಆಗ್ಲೇ ಎದ್ಬುಟ್ಟವ್ಳೆ ಕಣ್ರವ್ವ, ಓದ್ತಾ ಕುಂತವ್ಳೆ" ಎಂದು ದಿನವೂ ಒಂದೇ ಮಾತು. ಹದಿನೈದು ದಿನ ನಂಬಿದೆ. ಆಮೇಲೊಂದು ದಿನ ಹಿಂದಿನಿಂದ ಗೊರಕೆ ಕೇಳಿಸಿತು. ಗದರಿದ್ದಕ್ಕೆ, "ಮಗ ಒಸಿ ಮನೀಕಳ್ಳಿ ಅಂತ ಅಂಗಂದೆ. ನಿಮ್ಗೂ ಮಗ್ಳವ್ಳಂತಲ್ಲ, ಅವ್ಳನ್ನ ಯಾರ್ ಏಳುಸ್ತಾರೆ?" ಎಂದಳು. ನನ್ನ ಮಗಳು ಜಾಣೆ, ಯಾರೂ ಎಬ್ಬಿಸಬೇಕಿಲ್ಲ ಎಂದೆ. ಎಷ್ಟು ಜಂಬದಿಂದ ಅಂದೆ ಗೊತ್ತಾ? ಈಗ ದಿವ್ಯಾ ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಇಂಗ್ಲಿಷ್ ಪದ್ಯದ ಎಂಟೂ ಸಾಲು ತಡವರಿಸದೆ ಒಪ್ಪಿಸುತ್ತಾಳೆ.

ನೀನು ಪುಸ್ತಕ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಹಾಳೆ ತಿರುಗಿಸುವುದಿಲ್ಲವಂತೆ. ಆ ಪದ್ಯ ನಿನಗೆ ಏಳನೇ ಕ್ಲಾಸಿನಲ್ಲೇ ಬಾಯಿಗೆ ಬರುತ್ತಿತ್ತು, ನನ್ನ ಶಾಲೆಯ ಮಕ್ಕಳಿಗೆ ನಾನು ಹೇಳಿಕೊಡುವಾಗ ಕೇಳಿಯೇ ನೀನು ಕಲಿತಿದ್ದೆ. ಬರುವುದಿಲ್ಲ ಎಂದಿದ್ದರೆ ಕಲಿಸುತ್ತಿದ್ದೆ. ಬರುತ್ತದೆ, ಆದರೂ ಬರೆಯುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿರುವುದೇ ಅದಕ್ಕೆ. ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದು. ಪತ್ರ ಬರೆಯುವ ಪ್ರಶ್ನೆಯನ್ನು ಮಾತ್ರ ಬಿಡಬೇಡ, ಐದು ಅಂಕ ಎಲ್ಲೂ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೊಡ್ಡಮ್ಮನಿಗೆ ಎದುರಾಡಬೇಡ. ನೀನು ಹಿಡಿದ ಪೆನ್ನು ನಿಲ್ಲದೆ ಓಡಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಆಶಾರಾಣಿ

ಮತ್ತೆ: ಗುರುವಾರ ರಜೆ ಹಾಕಿ ನಿನ್ನ ಶಾಲೆಗೆ ಬಂದಿದ್ದೆ. ನಿನಗೆ ಹೇಳಬೇಡಿ ಎಂದು ನಿಮ್ಮ ಮೇಡಂ ಹತ್ತಿರ ಕೇಳಿಕೊಂಡಿದ್ದೆ. ನಿನ್ನ ಉತ್ತರಪತ್ರಿಕೆ ನೋಡಿದೆ. ಪರೀಕ್ಷೆಗೆ ಹೇಗೆ ಓದುತ್ತಿದ್ದೀಯೆಂದು ನಿನ್ನ ತಾಯಿಗೆ ಪತ್ರ ಬರೆ ಎಂಬ ಪ್ರಶ್ನೆ. ಊರು, ತಾರೀಖು, ಡಿಯರ್ ಮದರ್ ಎಂದು ದುಂಡಗೆ ಬರೆದಿದ್ದೀಯೆ. ಅದರ ಕೆಳಗೆ ಇಡೀ ಪುಟ ಖಾಲಿ.

ಜನವರಿಯಲ್ಲಿ ಒಂದು ಬೆಳಿಗ್ಗೆ ಐದೂಕಾಲಿಗೆ ನೀನೇ ಫೋನ್ ಮಾಡಿದ್ದೆ. "ಫೇಲಾಗೋರನ್ನ ಮಾತ್ರ ಎಬ್ಬಿಸ್ತೀಯೇನಮ್ಮ?" ಎಂದು ಕೇಳಿದ್ದೆ. "ಹೂಂ ಮತ್ತೆ, ನಿನಗ್ಯಾಕೆ ಅದು" ಎಂದು ನಾನು ನಕ್ಕು ಫೋನ್ ಇಟ್ಟುಬಿಟ್ಟೆ. ಆರನೇ ಮನೆಗೆ ಇನ್ನೂ ಮಾಡಿರಲಿಲ್ಲ. ನೀನು ಯಾಕೆ ಫೇಲಾದೆ ಎನ್ನುವುದು ಆ ಖಾಲಿ ಪುಟ ನೋಡಿದಾಗ ತಿಳಿಯಿತು. ನಿಮ್ಮ ಮೇಡಂ ಎದುರಿಗೇ ಅತ್ತುಬಿಟ್ಟೆ.

ಶುಕ್ರವಾರದಿಂದ ಐದಕ್ಕೆ ಮೊದಲ ಫೋನ್ ನಿನಗೇ ಮಾಡುತ್ತಿದ್ದೇನೆ. ಎರಡು ದಿನ ನೀನು ಕಟ್ ಮಾಡಿದೆ. ಇವತ್ತು ಕಟ್ ಮಾಡಲಿಲ್ಲ, ಪೂರ್ತಿ ರಿಂಗಾಯಿತು. ನೀನು ಎದ್ದು ಕೂತು ಅದನ್ನೇ ನೋಡುತ್ತಿದ್ದೆ ಎಂದು ನನಗೆ ಗೊತ್ತು. ನಾಳೆಯೂ ಮಾಡುತ್ತೇನೆ. ಎತ್ತು, ಮಗಳೇ.