ಇರುವೆ ಆಟದ ಹೊಸ ವಿಳಾಸ

ಮನೆ, ಮಹಡಿಯ ಕೋಣೆ
ಸೋಮವಾರ, ಹತ್ತೊಂಬತ್ತನೇ ತಾರೀಖು

ಮುದ್ದಿನ ತಮ್ಮಾ,

ಹೇಗಿದ್ದೀಯೋ ಗುಬ್ಬಿ? ಹಡಗಿನ ಎಂಜಿನ್ ಕೋಣೆಯ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯಾ? ಹೊಟ್ಟೆ ತೊಳಸುವುದು ನಿಂತಿತೇ? ಅಮ್ಮ ಆರಾಮ. ಅವಳ ಮಂಡಿನೋವು ಮಾತ್ರ ಅವಳ ಹಾಗೆಯೇ, ಯಾರ ಮಾತನ್ನೂ ಕೇಳುವುದಿಲ್ಲ. ನಾನೂ ಆರಾಮ ಎಂದು ಬರೆಯಲು ಹೊರಟರೆ ಕೈ ಮುಂದೆ ಹೋಗುತ್ತಿಲ್ಲ. ಹದಿನಾರು ದಿನದಿಂದ ನಮ್ಮ ಆಟದಲ್ಲಿ ನಿನ್ನ ಒಂದು ನಡೆಯೂ ಬಂದಿಲ್ಲ. ನನಗೆ ಭಯವಾಗಿದೆ ಕಣೋ.

ಹೊರಡುವ ದಿನ ನೀನೇ ಹೇಳಿದ್ದೆ, "ಅಲ್ಲಿ ಫೋನ್ ಸಿಗಲ್ಲ ಅಕ್ಕ. ಹಡಗಿನ ನಿಧಾನದ ಇಂಟರ್ನೆಟ್‌ನಲ್ಲೂ ನಿನ್ನ ಇರುವೆ ಆಟದ ಪುಟ ಆದ್ರೆ ಹೇಗೋ ತೆರ್ಕೊಳ್ಳುತ್ತೆ. ನಡೆ ಬಂತು ಅಂದ್ರೆ ನಾನು ಚೆನ್ನಾಗಿದೀನಿ ಅಂತ ತಿಳ್ಕೋ." ನಾನು ಬ್ರೌಸರ್ ಆಟ ಮಾಡಿ ಬದುಕುವವಳಾದದ್ದಕ್ಕೆ ಅಂದು ಮೊದಲ ಸಲ ಹೆಮ್ಮೆಯಾಗಿತ್ತು. ನಾಲ್ಕು ತಿಂಗಳು ನೀನು ದಿನಕ್ಕೊಂದು ನಡೆ ತಪ್ಪಿಸಲಿಲ್ಲ. ಬೆಳಿಗ್ಗೆ ಎದ್ದವಳೇ ಅಮ್ಮ, "ಆಡಿದ್ನಾ? ಯಾರು ಗೆಲ್ತಿರೋದು?" ಎಂದು ಕೇಳುತ್ತಾಳೆ. ಇನ್ಯಾರು, ನಿನ್ನ ಮಗನೇ ಎಂದರೆ, "ಅಕ್ಕನ್ನ ಸೋಲಿಸ್ತಿದಾನೆ ಅಂದ್ರೆ ಗಟ್ಟಿಮುಟ್ಟಾಗಿದಾನೆ ಬಿಡು" ಎನ್ನುತ್ತಾಳೆ. ಈ ಹದಿನಾರು ದಿನವೂ ಅವಳಿಗೆ ಅದನ್ನೇ ಹೇಳುತ್ತಿದ್ದೇನೆ. ಸುಳ್ಳು ಹೇಳಿ ಹೇಳಿ ಬಾಯಿ ಒಣಗಿದೆ.

ನಮ್ಮಿಬ್ಬರ ನಡೆಗಳನ್ನು ಆ ಕಡೆ ಈ ಕಡೆ ಸಾಗಿಸುವುದು ಬೇರೊಂದು ಕಂಪನಿಯ ಸರ್ವರ್ ಎಂದು ನಿನಗೆ ಗೊತ್ತಲ್ಲ. ಪರದೆಯ ಮೇಲೆ "ಅನುಮತಿ ಇಲ್ಲ" ಎಂಬ ಕೆಂಪಕ್ಷರ ಕಂಡಾಗ ನಿಜ ಹೇಳಲಾ, ಹೋದ ಜೀವ ಬಂದ ಹಾಗಾಯಿತು. ತಪ್ಪು ಆಟದಲ್ಲಿದೆ, ನಿನಗೇನೂ ಆಗಿಲ್ಲ! ಆದರೆ ಆ ತಪ್ಪು ಸಿಗಬೇಕಲ್ಲ. ಕೋಡ್ ಸಾಲುಸಾಲಾಗಿ ಓದಿದೆ, ಆ ಸರ್ವರ್ ತೆರೆಯುವ ಗುಪ್ತ ಕೀ ಬದಲಿಸಿದೆ, ಕಂಪನಿಯವರಿಗೆ ಹನ್ನೊಂದು ಸಲ ಬರೆದೆ. ಹನ್ನೊಂದು ಸಲವೂ "ನಿಮ್ಮ ತಾಳ್ಮೆಗೆ ವಂದನೆಗಳು" ಎಂಬ ಒಂದೇ ಉತ್ತರ. ತಾಳ್ಮೆ ಯಾರ ಹತ್ತಿರ ಇತ್ತು! ನಿನ್ನ ಹಡಗಿನ ಕಚೇರಿಗೆ ಫೋನ್ ಮಾಡಿದರೆ ಗುಮಾಸ್ತ, "ಕೆಟ್ಟ ಸುದ್ದಿ ಇದ್ರೆ ನಾವೇ ತಿಳಿಸ್ತೀವಿ ಮೇಡಂ" ಎಂದ. ಅಂಥ ಸಮಾಧಾನ ಶತ್ರುವಿಗೂ ಬೇಡ. ಅವತ್ತಿನಿಂದ ಫೋನ್ ರಿಂಗಾದರೆ ಅಮ್ಮನಿಗಿಂತ ಮೊದಲು ಓಡಿ ಹೋಗಿ ಎತ್ತುತ್ತೇನೆ.

ಇವತ್ತು ಬೆಳಿಗ್ಗೆ ತಪ್ಪು ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ, ತಪ್ಪು ನನ್ನದೇ. ಮೂರನೇ ತಾರೀಖು ನಿನ್ನ ಹುಟ್ಟಿದ ದಿನ ಅಲ್ಲವೇ, ನಿನಗೆ ಖುಷಿಯಾಗಲಿ ಎಂದು ಆಟದ ವೆಬ್ ವಿಳಾಸವನ್ನೇ ಬದಲಿಸಿ ಅದರಲ್ಲಿ 'ಗುಬ್ಬಿ' ಎಂದು ಸೇರಿಸಿದ್ದೆ. ಹಳೆಯ ವಿಳಾಸ ಒತ್ತಿದರೂ ಹೊಸದಕ್ಕೇ ಹೋಗುವಂತೆ ಮಾಡಿದ್ದೆ. ಆ ಕಂಪನಿಯ ಅನುಮತಿ ಪಟ್ಟಿಯಲ್ಲಿ ಮಾತ್ರ ಹಳೆಯದನ್ನೇ ಉಳಿಸಿಬಿಟ್ಟಿದ್ದೆ. ಪಟ್ಟಿಯಲ್ಲಿಲ್ಲದ ವಿಳಾಸದಿಂದ ಏನೇ ಬಂದರೂ ಅವರ ಸರ್ವರ್ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತದೆ. ಒಂದೇ ಒಂದು ಸಾಲು ಸೇರಿಸಿದೆ, ಕೆಂಪಕ್ಷರ ಹೋಯಿತು. ಆಗಿನಿಂದ ಪರದೆಯ ಮುಂದೆಯೇ ಕೂತಿದ್ದೇನೆ. ಈಗ ಸಂಜೆಯಾಗಿದೆ.

ಈ ಕಾಗದವನ್ನು ನಿಮ್ಮ ಕಚೇರಿಯವರು ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಕೊಡುತ್ತಾರಂತೆ. ಊಟ ಬಿಡಬೇಡ. ಅಮ್ಮನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ. ಕೇಳಿದರೆ ನನ್ನ ಮುಖ ನೋಡಿಯೇ ಸುಳ್ಳು ಕಂಡುಹಿಡಿಯುತ್ತಾಳೆ.

ನಿನ್ನ ದಾರಿ ಕಾಯುವ
ಅಕ್ಕ

ತಾ.ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಸರ್ವರ್ ವಾಪಸು ಕಳಿಸಿದ ನಡೆಗಳ ಪಟ್ಟಿ ಇವತ್ತು ನನಗೆ ಸಿಕ್ಕಿತು. ನೀನು ಒಂದೇ ನಡೆಯನ್ನು ನಲವತ್ತು ಸಲ ಕಳಿಸಿದ್ದೀಯ. ನಾನು ಮಾತು ಬಿಟ್ಟೆ ಎಂದುಕೊಂಡೆಯೇನೋ? ಕಳೆದ ಮಂಗಳವಾರದ ನಲವತ್ತೊಂದನೆಯದು ಮಾತ್ರ ಬೇರೆ. ನಿನ್ನ ರಾಣಿ ಇರುವೆಯನ್ನು ತಂದು ನನ್ನ ಇರುವೆಯ ಬಾಯಿಗೇ ಇಟ್ಟಿದ್ದೀಯ. ಚಿಕ್ಕಂದಿನಿಂದ ನನಗೆ ಒಂದಾಟವನ್ನೂ ಬಿಟ್ಟುಕೊಡದವನು, ಗೆಲ್ಲುವ ಆಸೆಗಾದರೂ ಅಕ್ಕ ಉತ್ತರ ಕೊಡಲಿ ಎಂದು. ಅದಾದ ಮೇಲೆ ಆರು ದಿನ, ಒಂದು ನಡೆಯನ್ನೂ ನೀನು ಕಳಿಸಿಲ್ಲ. ಇದು ಸರ್ವರ್ ತಡೆದದ್ದಲ್ಲ. ಆ ನಡೆಯನ್ನು ನಾನೇ ಆಟಕ್ಕೆ ಸೇರಿಸಿದೆ, ಈಗ ಸರದಿ ನನ್ನದು, ಆದರೆ ರಾಣಿಯನ್ನು ಹೊಡೆದರೆ ಆಟ ಮುಗಿದುಹೋಗುತ್ತದೆ. ನಾನು ಹೊಡೆಯುವುದಿಲ್ಲ. ಸರದಿ ಇಲ್ಲದಿದ್ದರೂ ನೀನು ಆಡಬಹುದು ಎಂದು ಆಟದ ನಿಯಮವನ್ನೇ ತಿದ್ದಿದ್ದೇನೆ. ಆಡೋ ಗುಬ್ಬಿ.