ನಿಮ್ಮ ಪರವಾಗಿ ಕೊಟ್ಟ ಉತ್ತರ

ದಿವಂಗತ ತಾತನವರ ಸನ್ನಿಧಿಗೆ, ನಿಮ್ಮ ಹೆಂಡತಿಯ ಹಾಲಿ ಗಂಡನ ವಿನಮ್ರ ವರದಿ.

ಮೊಮ್ಮಗನನ್ನು 'ಗಂಡ' ಎಂದು ರೇಗಿಸುವ ಉಗಾಂಡದ ನಮ್ಮ ಬುಗಾಂಡ ಸೀಮೆಯ ಅಜ್ಜಿಯರ ಪದ್ಧತಿಯಿಂದ ಈ ಹುದ್ದೆ ನನ್ನದಾಗಿದೆ.

ಇಂದು ಅಜ್ಜಿ ನೋವಿನ ಔಷಧಿ ಮಾರ್ಫಿನ್ ಕುಡಿಯಲೊಲ್ಲೆ ಎಂದಳು. ಎದೆಯ ಗಡ್ಡೆಯ ನೋವಿಗೆ ನರಳುತ್ತಿದ್ದರೂ ಹಲ್ಲು ಬಿಗಿದಿದ್ದಳು. ಅಜ್ಜಿಯಂಥ ಮರೆವಿನ ಕಾಯಿಲೆಯವರ ನೋವನ್ನು ಮನೆಯಲ್ಲೇ ತಗ್ಗಿಸುವ ಬಗೆಯನ್ನು ಅಧ್ಯಯನ ಮಾಡುತ್ತಿರುವ ನರ್ಸ್ ನಕಿತ್ತೊ, "ಇವರು ಬಾಯಿಬಿಟ್ಟು ಹೇಳಲ್ಲ, ಮುಖ ನೋಡು. ಹೇಗಾದ್ರೂ ಕುಡಿಸಪ್ಪಾ" ಎಂದಳು.

ನಾನು ಗಾಂಭೀರ್ಯದಿಂದ, "ಕುಡೀತೀಯೋ, ಇನ್ನೊಬ್ಬಳನ್ನ ಕಟ್ಕೊಳ್ಳಲೋ?" ಎಂದೆ.

ಬೇರೆ ದಿನವಾಗಿದ್ದರೆ, "ಹಲ್ಲಿಲ್ಲದವಳೂ ನಿನ್ನ ಒಪ್ಪಲ್ಲ, ಹೋಗೋ ಗಂಡ" ಎನ್ನುತ್ತಿದ್ದಳು. ಇಂದು ನನ್ನ ಕೆನ್ನೆ ಮುಟ್ಟಿ, "ರೀ, ಮೊದಲು ನೀವು ಕುಡೀರಿ. ರಾತ್ರಿಯೆಲ್ಲಾ ನೋವು ನೋವು ಅಂತ ಕೂಗ್ತಿದ್ರಲ್ಲ" ಎಂದಳು.

ಅವಳು ಕಂಡದ್ದು ನಿಮ್ಮನ್ನು. ನೀವು ಹಾಗೆ ನೋವಿನಿಂದ ಕೂಗಿದ ವರ್ಷ ಈ ಔಷಧಿ ನಮ್ಮೂರಿಗೆ ಬಂದಿರಲಿಲ್ಲ.

"ತುಟಿಗೂ ತಾಗಿಸಬೇಡ" ಎಂದು ನಕಿತ್ತೊ ಪಿಸುಗುಟ್ಟಿದಳು. ನಾನು ಲೋಟ ಎತ್ತಿ ಕುಡಿದಂತೆ ನಟಿಸಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕಮ್ಮಿಯಾಯ್ತಾ?"

"ಪೂರ್ತಿ ಹೋಯ್ತು ಕಣೇ."

ಆಮೇಲೆ ತಾನೂ ಕುಡಿದಳು. ಈಗ ನಿದ್ದೆ ಮಾಡುತ್ತಿದ್ದಾಳೆ.

ತಾತ, ಅವಳು ಅಲ್ಲಿಗೆ ಬಂದು ಮತ್ತೆ ಕೇಳಿದರೆ, ದಯವಿಟ್ಟು ನೀವೂ ಹಾಗೇ ಹೇಳಿ.